ಭಾಸ್ಕರಣ್ಣ ಕೊಂಡ ಕೋಣೆ

ಮೆಲ್ಬರ್ನ್ ಹೊರವಲಯದ ವೆರಿಬೀಯ ಆ ಮನೆಗೆ ನಾನು ಮತ್ತು ನನ್ನ ಗಂಡ ಪ್ರತಾಪ್ ಬಾಡಿಗೆಗೆ ಬಂದಾಗ ಹಿಂದಿನ ಕೋಣೆಯಲ್ಲಿ ಭಾಸ್ಕರಣ್ಣ ಆಗಲೇ ಎರಡು ವರ್ಷದಿಂದ ಇದ್ದರು. ಮುಂದಿನ ಕೋಣೆ ನಮಗೆ, ಅಡುಗೆಮನೆ ಮೂವರಿಗೂ. ಅವರ ಕೋಣೆಯಲ್ಲಿ ಒಬ್ಬರು ಮಲಗುವ ಮಂಚ, ಒಂದು ಮಡಿಸುವ ಮೇಜು, ಗೋಡೆಗೆ ಒರಗಿಸಿದ ಅಲ್ಯೂಮಿನಿಯಂ ಕೋಲುಗಳ ಕಟ್ಟು. ಇಡೀ ಮನೆಯಲ್ಲಿ ನೆಟ್ಟಗೆ ಇಳಿಯುತ್ತಿದ್ದ ಪರದೆ ಅವರ ಕಿಟಕಿಯದೊಂದೇ. ನಾವು ಬಂದ ವಾರದಲ್ಲೇ ನಮ್ಮ ಕಿಟಕಿಗೂ ಹಾಕಿಕೊಟ್ಟರು.

ಅವರ ಕೆಲಸವೇ ಅದು. ಮೆಲ್ಬರ್ನ್‌ನ ಪಶ್ಚಿಮಕ್ಕೆ ದಿನವೂ ಏಳುವ ಹೊಸ ಮನೆಗಳ ಕಿಟಕಿಗಳಿಗೆ ಬ್ಲೈಂಡ್ಸ್, ಅಂದರೆ ಇಳಿಬಿಡುವ ಪರದೆ, ಹಾಕುವುದು. ದಾವಣಗೆರೆಯಲ್ಲಿ ಸಿವಿಲ್ ಡಿಪ್ಲೊಮಾ ಓದಿದವರು. ಇಲ್ಲಿಗೆ ಬಂದು ಗೋದಾಮು, ಪೆಟ್ರೋಲ್ ಬಂಕು ಎಲ್ಲ ಸುತ್ತಿ ಕೊನೆಗೆ ಇದರಲ್ಲಿ ನಿಂತಿದ್ದರು. ಇನ್ನೂ ಯಾರೂ ವಾಸಿಸದ ಮನೆಗಳಲ್ಲಿ ಒಬ್ಬರೇ ಏಣಿ ಹತ್ತಿ ಇಳಿದು ಸಂಜೆ ಬರುವಾಗ ಅವರ ಮೈಯಿಂದ ಹೊಸ ಬಣ್ಣದ ವಾಸನೆ ಬರುತ್ತಿತ್ತು.

"ಕಿಟಕಿ ನೋಡೋಕೆ ಚೌಕ ಇರುತ್ತಮ್ಮ, ಇರಲ್ಲ," ಎಂದು ಒಮ್ಮೆ ನನಗೆ ಹೇಳಿದ್ದರು. "ಮೇಲೆ, ಮಧ್ಯ, ಕೆಳಗೆ ಮೂರು ಕಡೆ ಅಳತೆ ತಗೋಬೇಕು. ಮೂರರಲ್ಲಿ ಯಾವ್ದು ಚಿಕ್ಕದೋ ಅದನ್ನ ಬರ್ಕೋಬೇಕು. ಆಸೆಪಟ್ಟು ದೊಡ್ಡದು ಬರ್ಕೊಂಡ್ರೆ ಬ್ಲೈಂಡ್ ಇಳಿಯೋದೇ ಇಲ್ಲ."

ಅವರಿಗೆ ಒಬ್ಬಳು ಮಗಳಿದ್ದಳು, ಆದ್ಯಾ. ಹೆಂಡತಿ ಜಯಲಕ್ಷ್ಮಿಯವರಿಂದ ಬೇರೆಯಾಗಿ ಐದು ವರ್ಷವಾಗಿತ್ತು. ಅವರು ಮಗಳನ್ನು ಕರೆದುಕೊಂಡು ಸಿಡ್ನಿಗೆ ಹೋಗಿ, ಅಲ್ಲಿನ ಒಂದು ಲ್ಯಾಬಿನಲ್ಲಿ ಕೆಲಸ ಹಿಡಿದು, ಮಾರ್ಸ್ಡನ್ ಪಾರ್ಕ್‌ನಲ್ಲಿ ಮನೆ ಮಾಡಿದ್ದರು. ಇಬ್ಬರೂ ಸಹಿ ಹಾಕಿದ ಒಪ್ಪಂದದಲ್ಲಿ ಶಾಲೆಯ ರಜೆಗಳಲ್ಲಿ ಅರ್ಧ ತಂದೆಗೆ ಎಂದಿತ್ತು. ಮಗುವಿಗೆ ಮಲಗಲು ಅದರದೇ ಆದ ಜಾಗ ಇರಬೇಕು ಎಂದೂ ಇತ್ತು. ಬಾಡಿಗೆ ಕೋಣೆಯಲ್ಲಿರುವ ಮನುಷ್ಯ ಆ ಎರಡನೇ ಸಾಲಿಗೆ ಏನು ಮಾಡಬೇಕು? ಭಾಸ್ಕರಣ್ಣ ರಜೆ ಬಂದಾಗಲೆಲ್ಲ, ಹಿಂದೆ ಸಾಮಾನು ಹೇರುವ ತೆರೆದ ಜಾಗವಿದ್ದ ತಮ್ಮ ಯೂಟ್‌ನಲ್ಲಿ ಒಂಬೈನೂರು ಕಿಲೋಮೀಟರ್ ಓಡಿಸಿಕೊಂಡು ಹೋಗಿ, ಮೋಟೆಲಿನಲ್ಲಿ ಉಳಿದು, ಹಗಲು ಮಗಳ ಜೊತೆ ಕಳೆದು, ಸಂಜೆ ಅವಳನ್ನು ಅಮ್ಮನ ಮನೆಗೆ ಬಿಟ್ಟು ಬರುತ್ತಿದ್ದರು.

ಅವಳಿಗೆ ಒಂಬತ್ತು ವರ್ಷವಿದ್ದಾಗ ಸಿಡ್ನಿಯಲ್ಲಿ ಕ್ಯಾರವಾನ್ ಎಂಬ ಗಾಲಿ ಮನೆಗಳ ಒಂದು ಪ್ರದರ್ಶನಕ್ಕೆ ಹೋಗಿದ್ದರಂತೆ. ಅಲ್ಲಿ ಯೂಟ್‌ನ ಹಿಂದಿನ ತೆರೆದ ಜಾಗದ ಮೇಲೆ ಕೂರುವ ಒಂದು ಪುಟ್ಟ ಕೋಣೆ ಇತ್ತು. ಸ್ಲೈಡ್-ಆನ್ ಎನ್ನುತ್ತಾರೆ. ಅದಕ್ಕೆ ನಾಲ್ಕು ಕಾಲು. ಬೇಕಾದಾಗ ಕಾಲು ಇಳಿಸಿ ನಿಲ್ಲಿಸಿದರೆ ಯೂಟ್ ಕೆಳಗಿನಿಂದ ಜಾರಿಕೊಂಡು ಹೊರಗೆ ಬಂದು ಕೆಲಸಕ್ಕೆ ಹೋಗುತ್ತದೆ. ಬೇಡವಾದಾಗ ಮತ್ತೆ ಬೆನ್ನಿಗೇರಿಸಿಕೊಂಡು ಹೊರಡಬಹುದು. ಒಳಗೆ ಒಲೆ, ಫ್ರಿಜ್ಜು, ಕೂರುವ ಬೆಂಚು. ಡ್ರೈವರನ ತಲೆಯ ಮೇಲಕ್ಕೆ ಚಾಚಿದ ಅಟ್ಟದಂಥ ಜಾಗದಲ್ಲಿ ಹಾಸಿಗೆ. ಆದ್ಯಾ ಶೂ ಬಿಚ್ಚಿ ಅಟ್ಟಕ್ಕೆ ಹತ್ತಿ ಮಲಗಿಬಿಟ್ಟಳು. "ದಿಸ್ ಒನ್ ಈಸ್ ಮೈನ್, ಡ್ಯಾಡ್," ಅಂದಳು. ಇಳಿಸುವುದಕ್ಕೆ ಇಪ್ಪತ್ತು ನಿಮಿಷ ಹಿಡಿಯಿತಂತೆ.

ಅಂದಿನಿಂದ ಭಾಸ್ಕರಣ್ಣ ಸ್ಲೈಡ್-ಆನ್ ಹುಡುಕಲು ತೊಡಗಿದರು.

ಹುಡುಕುವುದೆಂದರೆ ತೂಕ ಹಾಕುವುದು. ಅವರ ಯೂಟ್ ಹೊರಬಹುದಾದ ಭಾರಕ್ಕೆ ಮಿತಿಯಿತ್ತು. ಕೋಣೆ, ನೀರು, ಗ್ಯಾಸು, ಒಳಗೆ ಕೂತ ಮನುಷ್ಯರು ಎಲ್ಲ ಸೇರಿ ಅದರೊಳಗೆ ಬರಬೇಕು. ಮಾರುವವರು ಹೇಳುವುದು ಖಾಲಿ ಕೋಣೆಯ ತೂಕ. ಭಾಸ್ಕರಣ್ಣ ಬಚ್ಚಲಲ್ಲಿದ್ದ ತೂಕದ ಯಂತ್ರವನ್ನು ಅಡುಗೆಮನೆಗೆ ತಂದು ಕುಕ್ಕರ್, ದೋಸೆ ಕಾವಲಿ, ಅಕ್ಕಿ ಡಬ್ಬ ಎಲ್ಲವನ್ನೂ ಅದರ ಮೇಲೆ ಕೂರಿಸುತ್ತಿದ್ದರು.

"ಅಣ್ಣ, ಒಗ್ಗರಣೆ ಸೌಟು ಬಿಟ್ಟೋಯ್ತು," ಎಂದು ಪ್ರತಾಪ್ ಕಾಡಿಸುತ್ತಿದ್ದ.

"ನಗು, ನಗು. ಹೈವೇಲಿ ಹಿಡಿದು ತೂಗ್ತಾರೆ ಗೊತ್ತಾ? ಜಾಸ್ತಿ ಇದ್ರೆ ಇನ್ಶೂರೆನ್ಸೂ ಇಲ್ಲ, ಏನೂ ಇಲ್ಲ. ಮಗೂನ ಕೂರಿಸ್ಕೊಂಡು ಹೋಗೋ ಗಾಡಿ ಕಣೋ."

ಬಟ್ಟೆ ಗೋಡೆಯದು ಹಗುರ, ಆದರೆ ಚಳಿ ತಡೆಯದು. ಗಟ್ಟಿ ಗೋಡೆಯದು ಬೆಚ್ಚಗೆ, ಆದರೆ ಭಾರ. ಮೇಲ್ಛಾವಣಿ ಎತ್ತಿ ಇಳಿಸುವಂಥದು ಸರಿ, ಆದರೆ ಅಟ್ಟದ ಹಾಸಿಗೆ ಗಿಡ್ಡ. ಮೊದಲ ವರ್ಷ ಜೀಲಾಂಗ್‌ನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಸಿಕ್ಕಿತ್ತು. ಮೂರನೇ ಸಲ ಅಳೆಯಲು ಹೋದಾಗ ಬೇರೆ ಯಾರೋ ಕೊಂಡಿದ್ದರು. ಎರಡನೇ ವರ್ಷ ಇಷ್ಟವಾದದ್ದು ಮೂವತ್ತು ಕೆಜಿ ಹೆಚ್ಚು ತೂಗಿತು. ಮೂರನೇ ವರ್ಷಕ್ಕೆ ನಾವು ಬಂದಿದ್ದೆವು. ಒಂದು ಶನಿವಾರ ನನ್ನನ್ನೂ ಪ್ರತಾಪನನ್ನೂ ಕ್ಯಾಂಪ್‌ಬೆಲ್‌ಫೀಲ್ಡ್‌ನ ಒಂದು ಶೆಡ್ಡಿಗೆ ಕರೆದುಕೊಂಡು ಹೋದರು. ಅಲ್ಲಿ ಅಂಥ ಕೋಣೆಗಳನ್ನು ಹೇಳಿದ ಅಳತೆಗೆ ಮಾಡಿಕೊಡುತ್ತಿದ್ದರು.

"ನಿಮ್ಮ ಎತ್ತರ ಎಷ್ಟಮ್ಮ?"

"ಐದು ಅಡಿ ಎರಡು ಇಂಚು ಅಣ್ಣ."

"ಸ್ವಲ್ಪ ಹತ್ತಿ ಮಲಗ್ತೀರಾ? ಆದ್ಯಾ ಇನ್ನೆರಡು ವರ್ಷಕ್ಕೆ ಅಷ್ಟಾಗ್ತಾಳೆ."

ಮಾದರಿಯ ಅಟ್ಟಕ್ಕೆ ಹತ್ತಿ ಮಲಗಿದೆ. ತಲೆಯ ಹತ್ತಿರ ಅಂಗೈಯಗಲದ ಕಿಟಕಿ. ಅದರಾಚೆ ಶೆಡ್ಡಿನ ತಗಡು, ತಗಡಿನ ಸಂದಿಯಲ್ಲಿ ಒಂದು ಎಳೆ ಬೆಳಕು. ಭಾಸ್ಕರಣ್ಣ ಟೇಪು ಹಿಡಿದು ನನ್ನ ಪಾದದಿಂದ ಗೋಡೆಯವರೆಗಿನ ಜಾಗ ಅಳೆದರು. ಹೊರಳಿ ಮಲಗಿ ಅಂದರು, ಎದ್ದು ಕೂರಿ ಅಂದರು. ಮಗಳನ್ನು ನೋಡದ ತಿಂಗಳುಗಳಲ್ಲಿ ಅವಳು ಎಷ್ಟು ಬೆಳೆದಿರಬಹುದೆಂಬುದನ್ನು ಅವರು ಬೇರೆ ಹೇಗೆ ತಿಳಿಯಬೇಕಿತ್ತು! ಅವತ್ತು ಆರ್ಡರ್ ಕೊಟ್ಟರು.

ಶೌಚಕ್ಕೆ ಏನು ಎಂದು ಶೆಡ್ಡಿನವನು ಕೇಳಿದ. ಬಾಗಿಲಿರುವ ಪುಟ್ಟ ಬಚ್ಚಲು ಮಾಡಿಸಬಹುದಿತ್ತು, ಆದರೆ ಅದು ನಲವತ್ತೈದು ಕೆಜಿ. ಬೆಂಚಿನ ಕೆಳಗೆ ಇಟ್ಟು ಬೇಕಾದಾಗ ಹೊರಗೆಳೆಯುವ ಪ್ಲಾಸ್ಟಿಕ್ ಶೌಚದ ಪೆಟ್ಟಿಗೆ ಮತ್ತು ಸುತ್ತ ಒಂದು ಪರದೆಯಾದರೆ ಆರೇ ಕೆಜಿ. ಭಾಸ್ಕರಣ್ಣ ಚಿಕ್ಕದನ್ನು ಬರೆಸಿದರು. ನಾನೂ ಅಲ್ಲೇ ನಿಂತಿದ್ದೆ. ನನಗೂ ಆಗ ಏನೂ ಹೊಳೆಯಲಿಲ್ಲ.

ಜೂನ್ ಕೊನೆಯ ವಾರ ಕೋಣೆ ಸಿದ್ಧ ಎಂದು ಫೋನ್ ಬಂತು. ಸಿಡ್ನಿಯ ಶಾಲೆಗಳಿಗೆ ಜುಲೈನ ಮೊದಲ ವಾರವೇ ರಜೆ. ಆದ್ಯಾಳಿಗೆ ಹನ್ನೆರಡು ತುಂಬಿತ್ತು. ಜಯಲಕ್ಷ್ಮಿಯವರೂ ಒಪ್ಪಿದ್ದರು: ಐದು ರಾತ್ರಿ, ಸಿಡ್ನಿಯಿಂದ ಕರಾವಳಿ ಹಿಡಿದು ದಕ್ಷಿಣಕ್ಕೆ. ಆದರೆ ಭಾಸ್ಕರಣ್ಣ ಅಡುಗೆಮನೆಯ ಗೋಡೆಯ ಮೇಲಿದ್ದ ಕ್ಯಾಲೆಂಡರಿನ ಮುಂದೆ ಬಹಳ ಹೊತ್ತು ನಿಂತಿದ್ದರು. ಡ್ಯಾಂಡೆನಾಂಗ್‌ನ ದಿನಸಿ ಅಂಗಡಿಯವರು ಕೊಟ್ಟಿದ್ದ, ತಿಥಿ ನಕ್ಷತ್ರಗಳಿದ್ದ ಕ್ಯಾಲೆಂಡರು ಅದು.

"ಆಷಾಢ ಶುರುವಾಗುತ್ತೆ," ಎಂದರು.

"ಅಣ್ಣ, ಇಲ್ಲಿ ಆಷಾಢ ಬರೋದು ಚಳಿಗಾಲದಲ್ಲಿ," ಎಂದ ಪ್ರತಾಪ್. "ಮಳೆಗಾಲ ಬೇರೆ, ಬೆಳೆ ಬೇರೆ, ದಿಕ್ಕೇ ಉಲ್ಟಾ. ಇಲ್ಲಿಗೆ ಪಂಚಾಂಗ ನಡೆಯಲ್ಲ."

"ಚಂದ್ರ ಒಂದೇ ಅಲ್ವೇನಪ್ಪ?"

ಅವರು ದಿನಾ ಪೂಜೆ ಮಾಡುವವರಲ್ಲ. ಶನಿವಾರವೂ ಮೊಟ್ಟೆ ತಿನ್ನುತ್ತಿದ್ದರು. ಆದರೆ ಅವರ ಮದುವೆ ಆಷಾಢದಲ್ಲಿ ಆಗಿತ್ತು. ವೀಸಾದ ದಿನಾಂಕ ಮೀರಬಾರದೆಂದು, ಮನೆಯವರೆಲ್ಲ ಬೇಡವೆಂದರೂ, ದಾವಣಗೆರೆಯ ನೋಂದಣಿ ಕಚೇರಿಯಲ್ಲಿ ಎರಡು ಹಾರ ಹಾಕಿಕೊಂಡು ಆದ ಮದುವೆ. ಅದು ಮುರಿದಾಗ ಫೋನ್ ಮಾಡಿದ ಪ್ರತಿಯೊಬ್ಬರೂ ಆ ತಿಂಗಳ ಹೆಸರು ತೆಗೆದಿದ್ದರು. ನಂಬಿಕೆ ಇಲ್ಲದ ಕಡೆಯಲ್ಲೂ ಹೆದರಿಕೆ ಉಳಿದಿರುತ್ತದೆ.

ಆ ಸಂಜೆ ನಾನು ಚಪಾತಿ ಹಿಟ್ಟು ಕಲಸುತ್ತಿದ್ದೆ. ಅವರು ಸ್ಪೀಕರ್ ಹಾಕಿ ಸಿಡ್ನಿಗೆ ಫೋನ್ ಮಾಡಿದರು.

"ಜಯಾ, ಗಾಡಿ ರೆಡಿ ಇದೆ. ಆದ್ರೆ ಆಷಾಢ ಬಂತಲ್ಲ, ಈಗ ತಗೊಳೋದು ಬೇಡ ಅಂತ. ಸೆಪ್ಟೆಂಬರ್ ರಜೆಗೆ ಇಟ್ಕೊಳ್ಳೋಣ."

ಆ ಕಡೆ ಪಾತ್ರೆಯ ಸದ್ದು ನಿಂತಿತು. "ಆಷಾಢಾನಾ? ನೀವು ಯಾವಾಗಿಂದ ಇದೆಲ್ಲ ನೋಡೋಕೆ ಶುರು ಮಾಡಿದ್ರಿ?"

"ಒಂದ್ಸಲ ನೋಡ್ದೆ ಇದ್ದಿದ್ದಕ್ಕೆ ಆಯ್ತಲ್ಲ."

"ಅದು ಆಷಾಢದಿಂದ ಆಗಿದ್ದಲ್ಲ ಭಾಸ್ಕರ್. ಅವಳು ಬ್ಯಾಗ್ ಪ್ಯಾಕ್ ಮಾಡ್ಕೊಂಡಿದಾಳೆ. ನೀವೇ ಹೇಳಿ."

ಮಗಳು ಫೋನಿಗೆ ಬಂದಳು. ಭಾಸ್ಕರಣ್ಣ ಹೇಳಿದರು, ಎರಡು ಸಲ ಹೇಳಿದರು.

"ಇಟ್ಸ್ ಫೈನ್, ಡ್ಯಾಡ್. ಸೆಪ್ಟೆಂಬರ್."

"ಬೇಜಾರಾ ಪುಟ್ಟಾ?"

"ನೋ. ಇಟ್ಸ್ ಫೈನ್."

ಶ್ರಾವಣದ ಒಂದು ಶುಕ್ರವಾರ ಕೋಣೆ ಮನೆಗೆ ಬಂತು. ಬಿಳಿ ಗೋಡೆ, ಒಂದು ನೀಲಿ ಪಟ್ಟಿ. ಯೂಟ್‌ನ ಗಾಲಿಗಳಿಗೆ ನಾಲ್ಕು ನಿಂಬೆಹಣ್ಣು ಇಟ್ಟರು. ಆಮೇಲೆ ಯೋಚಿಸಿ ಕೋಣೆಯ ಕಾಲುಗಳಿಗೂ ನಾಲ್ಕು ಇಟ್ಟರು. ಕಾಲು ಇಳಿಸುವಾಗ ಒಂದು ನಿಂಬೆಹಣ್ಣು ಉರುಳಿ ರಸ್ತೆಗೆ ಹೋಯಿತು. ಎದುರು ಮನೆಯ ಮುದುಕ ಅದನ್ನು ತಂದುಕೊಟ್ಟ. ಮುಂದಿನ ಆರು ವಾರ ಭಾಸ್ಕರಣ್ಣ ಕೆಲಸದಿಂದ ಬಂದವರೇ ಅದರೊಳಗೆ ಹೋಗುತ್ತಿದ್ದರು. ಅಟ್ಟದ ಕಿಟಕಿಗೆ ತಾವೇ ಒಂದು ಬ್ಲೈಂಡ್ ಮಾಡಿದರು, ಡಾಲ್ಫಿನ್‌ಗಳಿದ್ದ ಬಟ್ಟೆಯದು. ಆ ಬಟ್ಟೆಗಾಗಿ ಮೂರು ಅಂಗಡಿ ಅಲೆದಿದ್ದರು.

ಸೆಪ್ಟೆಂಬರ್ ಕೊನೆಯಲ್ಲಿ ಸಿಡ್ನಿಯ ಬ್ಲ್ಯಾಕ್‌ಟೌನ್‌ನಲ್ಲಿ ಪ್ರತಾಪನ ಅಕ್ಕನ ಸೀಮಂತವಿತ್ತು. ನಮ್ಮ ಜೊತೆಯಲ್ಲೇ ಬನ್ನಿ ಎಂದು ಭಾಸ್ಕರಣ್ಣ ಹಟ ಹಿಡಿದರು. "ನಿಮ್ಮಿಬ್ಬರದು ನೂರ ಇಪ್ಪತ್ತೆರಡು ಕೆಜಿ. ನೀರಿನ ಟ್ಯಾಂಕ್ ಖಾಲಿ ಮಾಡ್ತೀನಿ, ಬ್ಯಾಗಲ್ಲಿ ಜಾಸ್ತಿ ತುಂಬ್ಕೋಬೇಡಿ. ಸಿಡ್ನೀಲಿ ನಿಮ್ಮನ್ನ ಇಳಿಸಿ ನೀರು ತುಂಬಿಸ್ಕೋತೀನಿ." ನಿಜವಾದ ಕಾರಣ ದಾರಿಯಲ್ಲಿ ಹೇಳಿದರು. ಆದ್ಯಾ ಮೊದಲ ಸಲ ಹತ್ತುವುದನ್ನು ಪ್ರತಾಪ್ ವಿಡಿಯೊ ಮಾಡಬೇಕು.

ಬೆಳಗಿನ ನಾಲ್ಕಕ್ಕೆ ಹೊರಟೆವು. ದಾರಿಯುದ್ದಕ್ಕೂ ಸಾಸಿವೆಯಂತೆ ಹಳದಿ ಹೂ ಬಿಟ್ಟ ಕನೋಲಾ ಹೊಲಗಳು, ಆಮೇಲೆ ಬೋಳು ಗುಡ್ಡಗಳು, ಗುಡ್ಡಗಳ ಮೇಲೆ ಕುರಿಗಳಂತೆ ಬಿದ್ದ ಕಲ್ಲುಗಳು. ಗಾಳಿ ಬಡಿದಾಗಲೆಲ್ಲ ಬೆನ್ನ ಮೇಲಿನ ಕೋಣೆ ಒಮ್ಮೆ ನಿಟ್ಟುಸಿರಿಟ್ಟಂತೆ ತೂಗುತ್ತಿತ್ತು. ಭಾಸ್ಕರಣ್ಣ ತೊಂಬತ್ತು ದಾಟಲಿಲ್ಲ. ಲಾರಿಗಳು ಹಾರ್ನ್ ಹೊಡೆದು ಮುಂದೆ ಹೋದವು.

ಮಾರ್ಸ್ಡನ್ ಪಾರ್ಕ್ ತಲುಪಿದಾಗ ಮಧ್ಯಾಹ್ನ ಮೂರು ಗಂಟೆ. ಎಲ್ಲ ಮನೆಗಳೂ ಒಂದೇ ವಾರ ಹುಟ್ಟಿದಂತೆ ಕಾಣುವ ಬೀದಿ. ಮರಗಳು ಇನ್ನೂ ಮೊಣಕಾಲೆತ್ತರ. ಆದ್ಯಾ ಬಾಗಿಲಿಗೆ ಬಂದಳು. ನನಗಿಂತ ಒಂದು ಇಂಚು ಎತ್ತರವಿದ್ದಳು. ದೊಗಲೆ ಸ್ವೆಟ್‌ಶರ್ಟಿನ ತೋಳುಗಳನ್ನು ಬೆರಳ ತುದಿಯವರೆಗೆ ಎಳೆದುಕೊಂಡಿದ್ದಳು.

"ಹಾಯ್ ಡ್ಯಾಡ್." ತಂದೆಯನ್ನು ಬದಿಯಿಂದ ಅಪ್ಪಿಕೊಂಡಳು.

ಭಾಸ್ಕರಣ್ಣ ಅವಳನ್ನು ಒಳಗೆ ಕರೆದುಕೊಂಡು ಹೋಗಿ ಒಂದೊಂದೇ ತೋರಿಸಿದರು. ಇದು ಲೈಟು, ಇದು ಫ್ಯಾನು, ಇದು ಹೀಟರ್, ಇಲ್ಲಿ ಫೋನ್ ಚಾರ್ಜಿಗೆ. "ಹತ್ತು ಪುಟ್ಟಾ, ಹತ್ತಿ ನೋಡು." ಅವಳು ಹತ್ತಿದಳು. ಪ್ರತಾಪ್ ವಿಡಿಯೊ ಮಾಡಿದ. ಅಟ್ಟದಲ್ಲಿ ಮೊಣಕೈ ಊರಿ ಮಲಗಿ ಕಿಟಕಿಯ ಬಟ್ಟೆ ನೋಡಿದಳು.

"ಓ, ಡಾಲ್ಫಿನ್ಸ್," ಎಂದಳು. ಆಮೇಲೆ ತಂದೆಯ ಮುಖ ನೋಡಿ, "ಇಟ್ಸ್ ರಿಯಲಿ ನೈಸ್, ಡ್ಯಾಡ್."

ಸುಳ್ಳಲ್ಲ ಅದು. ಅವಳಿಗೆ ಇಷ್ಟವಾಗಿತ್ತು, ಮಕ್ಕಳ ಪಾರ್ಕಿನ ಹಳೆಯ ಜೋಕಾಲಿ ಇಷ್ಟವಾಗುವ ಹಾಗೆ.

ಭಾಸ್ಕರಣ್ಣ ಮತ್ತು ಪ್ರತಾಪ್ ಗಾಲಿಗಳ ಗಾಳಿ ನೋಡಲು ಹೊರಗೆ ಹೋದರು. ಆದ್ಯಾ ಕೆಳಗಿಳಿದು ನನ್ನ ಹತ್ತಿರ ಬಂದಳು.

"ಆಂಟಿ, ವೇರ್ಸ್ ದ ಬಾತ್‌ರೂಮ್?"

ಬೆಂಚಿನ ಕೆಳಗಿಂದ ಪೆಟ್ಟಿಗೆಯನ್ನು ಎಳೆದೆ. ಸೂರಿನ ಕಂಬಿಗೆ ಸಿಕ್ಕಿಸಿದ್ದ ಪರದೆಯನ್ನು ಸುತ್ತ ಸರಿಸಿ ತೋರಿಸಿದೆ. ಪರದೆ ನೆಲಕ್ಕಿಂತ ಒಂದು ಗೇಣು ಮೇಲೆ ನಿಂತಿತ್ತು. ಅದಕ್ಕೆ ಎದುರೇ, ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ, ಭಾಸ್ಕರಣ್ಣ ಮಲಗುವ ಬೆಂಚು.

"ಈಸ್ ದೇರ್ ನೋ ಡೋರ್?"

"ಇಲ್ಲಮ್ಮ. ರಾತ್ರಿ ಗಾಡಿ ನಿಲ್ಲಿಸೋ ಕ್ಯಾರವಾನ್ ಪಾರ್ಕಲ್ಲಿ ಬೇರೆ ಇರುತ್ತೆ. ಸ್ವಲ್ಪ ದೂರ ನಡೀಬೇಕು."

"ಓಕೆ," ಎಂದಳು. ಮುಖ ಕೆಂಪಾಗಿತ್ತು. ತೋಳುಗಳನ್ನು ಇನ್ನೂ ಕೆಳಕ್ಕೆ ಎಳೆದುಕೊಂಡು ಮನೆಯೊಳಗೆ ಹೋದಳು. ನನಗೆ ಆ ಕ್ಷಣವೇ ಅರ್ಥವಾಯಿತು.

ಅಡುಗೆಮನೆಯಲ್ಲಿ ಜಯಲಕ್ಷ್ಮಿ ಕಾಫಿ ಸೋಸುತ್ತಿದ್ದರು. ನಾನು ಏನನ್ನೂ ಕೇಳಲಿಲ್ಲ, ಅವರೇ ಹೇಳಿದರು.

"ಆಗಸ್ಟಲ್ಲಿ ದೊಡ್ಡವಳಾದ್ಲು. ಇನ್ನೂ ದಿನ ಸರಿಯಾಗಿ ಕೂತಿಲ್ಲ, ಯಾವಾಗ ಆಗುತ್ತೋ ಗೊತ್ತಾಗಲ್ಲ. ನಿನ್ನೆ ಮತ್ತೆ ಶುರುವಾಗಿದೆ."

"ಅಣ್ಣಂಗೆ ಗೊತ್ತಾ?"

"ಇಲ್ಲ. ಡ್ಯಾಡ್‌ಗೆ ಹೇಳಿದ್ರೆ ನಿನ್ನ ಹತ್ರ ಮಾತೇ ಆಡಲ್ಲ ಅಂದಿದಾಳೆ. ಆರತಿನೂ ಮಾಡಿಸ್ಕೊಳ್ಳಲಿಲ್ಲ. ನಿಮ್ಮತ್ರ ಹೇಳಿದ್ದೂ ತಪ್ಪೇ. ದಯವಿಟ್ಟು ಬಾಯಿ ಬಿಡಬೇಡಿ."

"ಇಲ್ಲ," ಎಂದೆ.

"ನಾನು ಹೋಗು ಅಂತಾನೂ ಹೇಳಲ್ಲ, ಬೇಡ ಅಂತಾನೂ ಹೇಳಲ್ಲ. ಬೇಡ ಅಂದ್ರೆ ನಾನೇ ತಡೆದೆ ಅಂತಾರೆ." ಲೋಟಗಳನ್ನು ತಟ್ಟೆಯಲ್ಲಿಟ್ಟರು. "ಜುಲೈನಲ್ಲಾಗಿದ್ರೆ ಕುಣ್ಕೊಂಡು ಹೋಗ್ತಿದ್ಲು. ಅವರು ಅವತ್ತು ಫೋನ್ ಇಟ್ಟ ಮೇಲೂ ಇವಳು ಆ ಬ್ಯಾಗ್‌ನ ಒಂದು ವಾರ ಬಿಚ್ಚಲಿಲ್ಲ."

ಕಾಫಿ ಆದ ಮೇಲೆ ಭಾಸ್ಕರಣ್ಣ ಅಂಗಳದಿಂದ ಕೂಗಿದರು. "ಪುಟ್ಟಾ, ಹೊರಡೋಣ್ವಾ? ಬ್ಯಾಗ್ ಎಲ್ಲಿ?"

ಆದ್ಯಾ ಬರಿಗೈಯಲ್ಲಿ ಹೊರಗೆ ಬಂದಳು. ಯೂಟ್‌ನ ಗಾಲಿಯನ್ನೇ ನೋಡುತ್ತ ನಿಂತಳು.

"ಡ್ಯಾಡ್, ಐ ಡೋಂಟ್ ಥಿಂಕ್ ಐ ಕ್ಯಾನ್ ಸ್ಲೀಪ್ ಓವರ್. ಐ ಕ್ಯಾನ್ ಕಮ್ ಫಾರ್ ಲಂಚ್ ಟುಮಾರೋ?"

"ಯಾಕಮ್ಮ? ಹಾಸಿಗೆ ಗಟ್ಟಿ ಇದೆಯಾ?"

"ನೋ, ದ ಬೆಡ್ ಈಸ್ ಗುಡ್."

"ಚಳಿ ಅಂತನಾ? ಹೀಟರ್ ಇದೆ. ನೋಡಿದ್ಯಲ್ಲ."

"ನೋ, ಡ್ಯಾಡ್."

"ನನ್ನ ಗೊರಕೆಗಾ?" ನಗಲು ನೋಡಿದರು. "ನಾನು ಮುಂದೆ ಸೀಟಲ್ಲಿ ಮಲ್ಕೋತೀನಿ. ಒಳಗಡೆ ನೀನೊಬ್ಬಳೇ. ಚಿಲಕ ಹಾಕ್ಕೋ."

ಆದ್ಯಾ ತಲೆಯಾಡಿಸಿದಳು. ಅವಳ ಕಣ್ಣು ತುಂಬಿತ್ತು. "ಪ್ಲೀಸ್ ಡೋಂಟ್ ಆಸ್ಕ್," ಎಂದಳು. ಭಾಸ್ಕರಣ್ಣ ಜಯಲಕ್ಷ್ಮಿಯವರ ಕಡೆ ನೋಡಿದರು. ಜಯಲಕ್ಷ್ಮಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದರು.

"ಆಯ್ತು," ಎಂದರು ಭಾಸ್ಕರಣ್ಣ. "ಲಂಚ್‌ಗೆ ಬಾ."

ನಮ್ಮನ್ನು ಬ್ಲ್ಯಾಕ್‌ಟೌನ್‌ನಲ್ಲಿ ಇಳಿಸಿ ಅವರು ಕ್ಯಾರವಾನ್ ಪಾರ್ಕಿಗೆ ಒಬ್ಬರೇ ಹೋದರು. ಮರುದಿನ ಸೀಮಂತದ ಮನೆಯಲ್ಲಿ ಬಳೆ ತೊಡಿಸುವ ಹೊತ್ತಿಗೆ ಅವರ ಫೋನ್ ಬಂತು. ಆದ್ಯಾ ಬಂದಿದ್ದಳಂತೆ, ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದಳಂತೆ, ಸ್ನೇಹಿತೆಯ ಮನೆಗೆ ಹೋಗಬೇಕಿತ್ತಂತೆ. "ನಾನು ನಾಳೆ ವಾಪಸ್ ಹೊರಡ್ತೀನಿ. ಐದು ದಿನ ಇಲ್ಲಿ ಕೂತು ಏನು ಮಾಡ್ಲಿ? ನೀವು ಬಸ್ಸಿಗೆ ಯಾಕೆ ಹೋಗ್ತೀರಿ, ಜೊತೆಗೇ ಬನ್ನಿ."

ಸೋಮವಾರ ಬೆಳಿಗ್ಗೆ ಹೊರಟೆವು. ಪ್ರತಾಪ್ ಹಿಂದಿನ ಸೀಟಿನಲ್ಲಿ ನಿದ್ದೆಹೋದ. ಗೌಲ್ಬರ್ನ್ ಊರು ದಾಟುವವರೆಗೆ ಭಾಸ್ಕರಣ್ಣ ತೊಂಬತ್ತರಲ್ಲೇ ಓಡಿಸಿದರು. ಹೊಲಗಳ ಮೇಲೆ ಮೋಡದ ನೆರಳುಗಳು ನಿಧಾನವಾಗಿ ನಡೆದು ಹೋಗುತ್ತಿದ್ದವು.

"ನಿಮ್ಮತ್ರ ಏನಾದ್ರೂ ಹೇಳಿದ್ಲಾ?" ಎಂದು ಕೇಳಿದರು.

"ಇಲ್ಲ ಅಣ್ಣ."

"ಜಯಾ?"

"ಇಲ್ಲ."

"ಡಿಸೆಂಬರಲ್ಲಿ ಬರ್ತೀಯಾ ಅಂತ ಕೇಳ್ದೆ. ಮೇಬಿ ಅಂದ್ಲು. ನನ್ನ ಮುಖ ನೋಡಿ ಹೇಳಲಿಲ್ಲ." ಎರಡೂ ಕೈಯಲ್ಲಿ ಸ್ಟೀರಿಂಗ್ ಬಿಗಿಯಾಗಿ ಹಿಡಿದಿದ್ದರು. "ನನ್ನ ಜೊತೆ ಇರೋದೇ ಅವಳಿಗೆ ಇಷ್ಟ ಇಲ್ಲ ಕಣಮ್ಮ. ಪಾಪ, ಹೇಳೋಕೆ ಸಂಕೋಚ."

"ಹಾಗಲ್ಲ ಅಣ್ಣ."

"ಮತ್ತೆ ಹೇಗೆ?"

ಅವರು ರಸ್ತೆ ಬಿಟ್ಟು ನನ್ನ ಕಡೆ ತಿರುಗಿದರು, ಒಂದೇ ಕ್ಷಣ. ನಾನು ಕಿಟಕಿಯ ಕಡೆ ಮುಖ ಮಾಡಿದೆ. ಯಾಸ್ ಊರಿನ ತಿರುವು ಬರುವವರೆಗೂ ಅವರು ಉತ್ತರಕ್ಕೆ ಕಾದರು. ಆಮೇಲೆ ರೇಡಿಯೊ ಹಾಕಿದರು.